ಸೈಟ್‌ನಲ್ಲಿ ಕೆಲಸ ನಿಂತಿದೆ, ಪೊಲೀಸರನ್ನು ಕರೆಸಬೇಕಾ?

ಪ್ರಶ್ನೆ: ನಾನು ಹೊಸ ಸೈಟ್ ಎಂಜಿನಿಯರ್. ನಿನ್ನೆ ಕುಡಿಯುವ ನೀರಿನ ಟ್ಯಾಂಕರ್ ಬರಲಿಲ್ಲ. ಅಷ್ಟಕ್ಕೇ ಸೆಂಟ್ರಿಂಗ್‌ನವರು (ಕಾಂಕ್ರೀಟಿಗೆ ಅಚ್ಚು ಕಟ್ಟುವವರು), ಬಾರ್ ಬೆಂಡಿಂಗ್‌ನವರು (ಕಬ್ಬಿಣದ ಸರಳು ಬಗ್ಗಿಸಿ ಕಟ್ಟುವವರು) ಎಲ್ಲ ಕೆಳಗಿಳಿದು ಗೇಟಿನ ಹತ್ತಿರ ಕೂತಿದ್ದಾರೆ. ಆಫೀಸಿನ ಗಾಜು ಒಡೆದಿದೆ. ಒಂದು ಟ್ಯಾಂಕರ್ ನೀರಿಗೆ ಇಷ್ಟು ಗಲಾಟೆಯಾ? ಕಂಟ್ರಾಕ್ಟರ್ ಪೊಲೀಸರನ್ನು ಕರೆಸೋಣ ಅಂತಿದ್ದಾರೆ.

ಉತ್ತರ (ಸೇಫ್ಟಿ ಆಫೀಸರ್): ನೀರು ನೆಪ ಇರಬಹುದು. 2006ರ ಮಾರ್ಚ್‌ನಲ್ಲಿ ದುಬೈಯಲ್ಲಿ, ಈಗ ಬುರ್ಜ್ ಖಲೀಫಾ ನಿಂತಿರುವ ಸೈಟ್‌ನಲ್ಲಿ, ಸುಮಾರು 2,500 ಕಾರ್ಮಿಕರು ರೊಚ್ಚಿಗೆದ್ದಿದ್ದರು. ಪಾಳಿ ಮುಗಿದ ಮೇಲೆ ಬಸ್ ತಡವಾಯಿತು, ಅದೇ ಕಿಡಿ. ಕಾರು, ಕಂಪ್ಯೂಟರ್ ಪುಡಿಯಾದವು. ಮರುದಿನ ಅವರು ಕೇಳಿದ್ದೇನು? ಹೆಚ್ಚು ಕೂಲಿ, ಓವರ್‌ಟೈಮ್ ದುಡ್ಡು, ಒಳ್ಳೆಯ ವೈದ್ಯಕೀಯ ಸೌಲಭ್ಯ.

ಹಾಗಾಗಿ ಮೊದಲು ಬಟವಾಡೆ, ಅಂದರೆ ಕೂಲಿ ಹಂಚಿದ್ದಾರಾ ಅಂತ ವಿಚಾರಿಸಿ. ಮಾಲೀಕರಿಂದ ಮುಖ್ಯ ಕಂಟ್ರಾಕ್ಟರ್, ಅಲ್ಲಿಂದ ಸಬ್ ಕಂಟ್ರಾಕ್ಟರ್, ಆಮೇಲೆ ಮೇಸ್ತ್ರಿ. ದುಡ್ಡು ಇದರಲ್ಲಿ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಕೆಲಸಗಾರನಿಗೆ ಗೊತ್ತಿರುವುದು ಮೇಸ್ತ್ರಿಯ ಮುಖ ಮಾತ್ರ. ಅವನೂ ಫೋನ್ ಎತ್ತದಿದ್ದರೆ ಕಲ್ಲು ನಿಮ್ಮ ಕಿಟಕಿಗೇ ಬೀಳುತ್ತದೆ.

ನೀರು ಕೊಡುವುದೂ ಉಪಕಾರವಲ್ಲ. ನಿರ್ಮಾಣ ಕೆಲಸದ ಸುರಕ್ಷತೆಗೆಂದೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1988ರ ಒಪ್ಪಂದ ಇದೆ, ನಂಬರ್ 167. ಕುಡಿಯುವ ನೀರು, ಶೌಚಾಲಯ, ಊಟಕ್ಕೆ ಜಾಗ, ಬಿಸಿಲು ಮಳೆಯಿಂದ ನೆರಳು, ಎಲ್ಲ ಅದರಲ್ಲಿದೆ. ಜೀವಕ್ಕೆ ಅಪಾಯ ಎದುರಿಗೇ ಇದೆ ಅನ್ನಿಸಲು ಸರಿಯಾದ ಕಾರಣವಿದ್ದರೆ ಜಾಗ ಬಿಟ್ಟು ಇಳಿಯುವ ಹಕ್ಕೂ ಇದೆ. ಇಳಿದವನು ಮೇಲಿನವರಿಗೆ ತಕ್ಷಣ ಹೇಳಬೇಕು, ಅಷ್ಟೇ. ಒಂದೇ ಸೈಟ್‌ನಲ್ಲಿ ಹಲವು ಕಂಟ್ರಾಕ್ಟರ್‌ಗಳಿದ್ದರೆ ಸುರಕ್ಷತೆಯನ್ನು ಹೊಂದಿಸುವ ಹೊಣೆ ಮುಖ್ಯ ಕಂಟ್ರಾಕ್ಟರ್‌ದು. ‘ಅವರು ನಮ್ಮ ಲೇಬರ್ ಅಲ್ಲ’ ಅಂತ ಜಾರಿಕೊಳ್ಳುವಂತಿಲ್ಲ.

ಯಾರಿಗಾದರೂ ಏಟು ಬೀಳುವ ಹಾಗಿದ್ದರೆ ಪೊಲೀಸರನ್ನು ಕರೆಯಿರಿ. ಗಾಜಿಗೆ ಬೇಡ.

ಪ್ರಶ್ನೆ: ವಿಚಾರಿಸಿದೆ ಸರ್, ಎರಡು ಬಟವಾಡೆ ಬಾಕಿಯಂತೆ. ಆದರೆ ಸ್ಲ್ಯಾಬ್ ಹಾಕಲೇಬೇಕು. ಮುಂದೆ ನಿಂತು ಮಾತಾಡುವ ಇಬ್ಬರನ್ನು ಕೆಲಸದಿಂದ ತೆಗೆದರೆ ಉಳಿದವರು ಸುಮ್ಮನಾಗುತ್ತಾರೆ ಅಂತಾರಲ್ಲ?

ಉತ್ತರ: ಖಂಡಿತ ಬೇಡ. ಆಮೇಲೆ ನೀವು ಯಾರ ಜೊತೆ ಮಾತಾಡುತ್ತೀರಿ? ಅಷ್ಟೂ ಜನರ ಜೊತೆನಾ? ಆ ಇಬ್ಬರನ್ನೇ ಕೂರಿಸಿಕೊಂಡು ಬಾಕಿ ಎಷ್ಟು, ಯಾವ ದಿನ, ಯಾರ ಕೈಯಿಂದ ಅಂತ ಬರೆಸಿ. ಸಹಿ ಮುಖ್ಯ ಕಂಟ್ರಾಕ್ಟರ್ ಕಡೆಯವರದ್ದೇ ಇರಲಿ, ಮೇಸ್ತ್ರಿಯದ್ದು ಸಾಲದು. ಓದಲು ಬಾರದವರಿಗೆ ಅವರ ಭಾಷೆಯಲ್ಲೇ ಗಟ್ಟಿಯಾಗಿ ಓದಿಸಿ. ನೀರಿನ ಟ್ಯಾಂಕರ್ ಮಾತ್ರ ಈಗಲೇ ಬರಲಿ, ಮಾತುಕತೆ ಮುಗಿಯಲಿ ಅಂತ ಕಾಯಬೇಡಿ.

ಇನ್ನು ಸ್ಲ್ಯಾಬ್. ಕೆಲಸ ಅರ್ಧಕ್ಕೆ ಬಿಟ್ಟು ಇಳಿದಿದ್ದಾರೆ, ಅಲ್ವಾ? ಯಾವ ಪ್ರಾಪ್ (ಅಚ್ಚಿಗೆ ಕೆಳಗಿನಿಂದ ಆಸರೆ ಕೊಡುವ ಕಂಬ) ಬಿಗಿಯಾಗಿದೆ, ಯಾವುದು ಸಡಿಲ ಅಂತ ನೋಡದೆ ಕಾಂಕ್ರೀಟ್ ಸುರಿಯಬೇಡಿ. ಸಾರುವೆಯನ್ನೂ ನೋಡಿ. ತಪಾಸಣೆಗೆ ಹೋಗುವಾಗ ಸೆಂಟ್ರಿಂಗ್‌ನವರಲ್ಲಿ ಒಬ್ಬನನ್ನು ಕರೆದುಕೊಂಡು ಹೋಗಿ. ಎಲ್ಲಿ ಕೆಲಸ ಬಿಟ್ಟರು ಅನ್ನುವುದು ಅವನಿಗೇ ಗೊತ್ತು.