ಚಿಕ್ಕ ಮರಗೆಲಸದ ಕೋಣೆಗೆ ಚಕ್ರವಿರುವ ಮೈಟರ್ ಸಾ ಸ್ಟ್ಯಾಂಡ್

ಪ್ರಶ್ನೆ: 10 ಅಡಿ ಉದ್ದ, 8 ಅಡಿ ಅಗಲದ ಕೋಣೆಯಲ್ಲಿ ಮರಗೆಲಸ ಮಾಡುವ ನನಗೆ, ಬೇಕಾದಾಗ ನಡುವಿಗೆ ಎಳೆದುಕೊಂಡು, ಕೆಲಸ ಮುಗಿದ ಮೇಲೆ ಗೋಡೆಯ ಬದಿಗೆ ಸರಿಸಬಹುದಾದ ಮೈಟರ್ ಸಾ (ಮರವನ್ನು ಬೇಕಾದ ಕೋನದಲ್ಲಿ ಅಡ್ಡ ಕತ್ತರಿಸುವ ಗರಗಸ ಯಂತ್ರ) ಸ್ಟ್ಯಾಂಡ್ ಬೇಕಾಗಿದೆ. ಮೊದಲು ಯಾವ ಅಳತೆಯನ್ನು ನಿಶ್ಚಯಿಸಬೇಕು?

ಉತ್ತರ 1: ಯಂತ್ರದ ತಳಹಾಸಿನ ಎತ್ತರವನ್ನೇ ಮೊದಲು ಅಳೆಯಿರಿ. ಎರಡೂ ಪಕ್ಕದ ಮಡಚುವ ಹಲಗೆಗಳು ಅದಕ್ಕೆ ಸಮಮಟ್ಟದಲ್ಲಿ ನಿಲ್ಲದಿದ್ದರೆ, ಉದ್ದನೆಯ ರೀಪು ಜೋತುಬಿದ್ದು, ಕತ್ತರಿಸುವಾಗ ಬ್ಲೇಡನ್ನು ಕಚ್ಚಿಕೊಳ್ಳುವ ಅಪಾಯವಿರುತ್ತದೆ. ಸ್ಟ್ಯಾಂಡಿನ ಪೆಟ್ಟಿಗೆಗೆ 18 ಮಿ.ಮೀ. ಪ್ಲೈವುಡ್ ಧಾರಾಳವಾಗಿ ಸಾಕು.

ಉತ್ತರ 2: ಚಕ್ರಗಳಲ್ಲಿ ಮಾತ್ರ ಜಿಪುಣತನ ಬೇಡ, ಉರುಳುವುದನ್ನಷ್ಟೇ ಅಲ್ಲದೆ ತಿರುಗುವುದನ್ನೂ ತಡೆಯುವ ಬ್ರೇಕ್ ನಾಲ್ಕಕ್ಕೂ ಇರಲಿ. ನಿಮ್ಮದು ಸ್ಲೈಡಿಂಗ್ ಯಂತ್ರವೇ, ಅಂದರೆ ಬ್ಲೇಡು ಕಂಬಿಗಳ ಮೇಲೆ ಹಿಂದೆ ಮುಂದೆ ಜಾರುವಂಥದ್ದೇ? ಹಾಗಿದ್ದರೆ ಹಿಂಬದಿಯ ಕಂಬಿಗಳಿಗೂ ಜಾಗ ಬಿಡಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ಹೌದು, ಸ್ಲೈಡಿಂಗ್ ಯಂತ್ರವೇ. ಕಂಬಿಗಳ ವಿಚಾರ ನನಗೆ ಹೊಳೆದೇ ಇರಲಿಲ್ಲ.