ಸಹಾಯ ಬೇಕು: ಪಾಸ್ಖಕಾಲದ (ಈಸ್ಟರ್ ಕಾಲದ) ಬೆಳಗಿನ ಪ್ರಾರ್ಥನೆಗೆ ಕನ್ನಡ ಪಲ್ಲವಿಗಳು (ಕೀರ್ತನೆಯ ಹಿಂದೆ ಮುಂದೆ ಹೇಳುವ ಕಿರುಸಾಲುಗಳು)

ಎಲ್ಲರಿಗೂ ಪುನರುತ್ಥಾನದ ವಂದನೆಗಳು. ಈಸ್ಟರ್ ಭಾನುವಾರದಿಂದ ಎಂಟು ದಿನ ಕಥೋಲಿಕ ಬೆಳಗಿನ ಪ್ರಾರ್ಥನೆಗೆ ಅವೇ ಗೀತೆಗಳು: ಕೀರ್ತನೆ 63, ದಾನಿಯೇಲ 3ರ ಸ್ತುತಿಗೀತೆ, ಕೀರ್ತನೆ 149. ಇಲ್ಲಿ ತೊಡಕಿಲ್ಲ. ಒಂಬತ್ತನೇ ದಿನ, ಸೋಮವಾರ, ಪ್ರಾರ್ಥನೆ ಪುಸ್ತಕದಲ್ಲಿ ಕೀರ್ತನೆಗಳನ್ನು ಹಂಚಿರುವ ನಾಲ್ಕು ವಾರಗಳ ಚಕ್ರದ ಎರಡನೇ ವಾರ ಹಿಡಿಯಬೇಕು. ಹಲವರು ಮೊದಲನೇ ವಾರ ತೆರೆಯುವುದರಿಂದ ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಕೀರ್ತನೆ ಹೇಳುವಂತಾಗುತ್ತದೆ. ಹಳೆಯ ಲ್ಯಾಟಿನ್ ಎಣಿಕೆಯಲ್ಲಿ 63 ಎಂಬುದು 62. ಅದೂ ಒಂದು ಗೊಂದಲ.

ಬೇಕಾಗಿರುವುದು ಇಷ್ಟು: ಪಾಸ್ಖಕಾಲದ ಎರಡನೇ ವಾರದಿಂದ ಆ ಕಾಲ ಮುಗಿಯುವ ಪೆಂತೆಕೋಸ್ತು ಹಬ್ಬದವರೆಗಿನ ಪಲ್ಲವಿಗಳು, ಕನ್ನಡದಲ್ಲಿ, ಕೊನೆಗೆ 'ಅಲ್ಲೆಲೂಯ' ಸೇರಿದವು. ಜಕರೀಯನ ಗೀತೆಯ (ಲೂಕ 1:68-79) ದಿನದಿನದ ಪಲ್ಲವಿ ಬಹಳ ಮುಖ್ಯ, ಏಕೆಂದರೆ ಅದು ಹೆಚ್ಚಾಗಿ ಆ ದಿನದ ಶುಭಸಂದೇಶದ ಮಾತನ್ನೇ ಎತ್ತಿಕೊಳ್ಳುತ್ತದೆ. ಧ್ಯಾನಕ್ಕೆ ದಾರಿ ಅಲ್ಲಿಂದಲೇ. ಟೈಪ್ ಮಾಡಿದ್ದು ಇಲ್ಲದಿದ್ದರೆ ಪುಟದ ಸ್ಪಷ್ಟ ಫೋಟೋ ಕಳಿಸಿದರೂ ಸಾಕು.