ರೋಬ್ಲಾಕ್ಸ್ ತೋಟದಲ್ಲಿ ಪೆಟ್ ಸಾಕಿದರೆ ಶೆಕಲ್ ಬರುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನೀವು ಗೇಮ್ ಡಿಸೈನ್ ಕೆಲಸದಲ್ಲಿದ್ದೀರಿ ಅಂತ ಇಲ್ಲೇ ಓದಿದೆ, ಅದಕ್ಕೆ ಕೇಳುತ್ತಿದ್ದೇನೆ. ನನ್ನ ಮಗನಿಗೆ ಹತ್ತು ವರ್ಷ, ರೋಬ್ಲಾಕ್ಸ್ ಅನ್ನೋ ಆನ್‌ಲೈನ್ ಗೇಮ್ ತಾಣದಲ್ಲಿ ಗ್ರೋ ಎ ಗಾರ್ಡನ್ ಅನ್ನೋ ತೋಟದ ಆಟ ಆಡುತ್ತಾನೆ. ಕೂಡಿಟ್ಟಿದ್ದ ಒಂದೂವರೆ ಲಕ್ಷ ಶೆಕಲ್ (ಆಟದೊಳಗಿನ ದುಡ್ಡು) ಅಷ್ಟನ್ನೂ ಕೊಟ್ಟು ಮೂರು ಕಾಮನ್ ಮೊಟ್ಟೆ ತಗೊಂಡ. ಮೊಟ್ಟೆ ಒಡೆದರೆ ಪೆಟ್, ಅಂದರೆ ತೋಟದಲ್ಲಿ ಸಾಕೋ ಪ್ರಾಣಿ, ಬರುತ್ತೆ. ಅವನಿಗೆ ಎರಡು ಮೊಲ, ಒಂದು ನಾಯಿ ಬಂದವು. ಎರಡು ದಿನ ಆದರೂ ದುಡ್ಡು ಏರಿಲ್ಲ ಅಂತ ಅಳುತ್ತಿದ್ದಾನೆ. ಈಗ ನನ್ನ ಕಾರ್ಡ್‌ನಲ್ಲಿ ರೋಬಕ್ಸ್ (ನಿಜವಾದ ದುಡ್ಡು ಕೊಟ್ಟು ಕೊಳ್ಳೋ ರೋಬ್ಲಾಕ್ಸ್ ನಾಣ್ಯ) ಕೊಂಡು ದೊಡ್ಡ ಮೊಟ್ಟೆ ತೆಗೆಸಿಕೊಡು ಅಂತ ಹಠ. ಪೆಟ್‌ಗಳಿಂದ ನಿಜವಾಗಿ ಸಂಪಾದನೆ ಆಗುತ್ತಾ?

ಉತ್ತರ: ಆಗುತ್ತೆ ಮೇಡಂ, ಆದರೆ ಮೊದಲು ಗಿಡ, ಆಮೇಲೆ ಪೆಟ್. ಈ ಆಟದಲ್ಲಿ ದುಡ್ಡು ದುಡಿಯೋದು ಗಿಡ. ಪೆಟ್ ಆ ದುಡ್ಡನ್ನು ಸ್ವಲ್ಪ ಹೆಚ್ಚಿಸುತ್ತೆ, ಅಷ್ಟೇ. ತೋಟದಲ್ಲಿ ಏನೂ ಇಲ್ಲದಿದ್ದರೆ ಹೆಚ್ಚಿಸೋಕೆ ಏನಿರುತ್ತೆ?

ಮೊಲದ ಲೆಕ್ಕ ನೋಡಿ. ಅದು ಸುಮಾರು 40 ಸೆಕೆಂಡಿಗೊಮ್ಮೆ ಒಂದು ಕ್ಯಾರೆಟ್ ತಿಂದು, ಅದರ ಬೆಲೆಯ ಒಂದೂವರೆ ಪಟ್ಟು ಕೊಡುತ್ತೆ. ಕೇಳೋಕೆ ಚೆನ್ನಾಗಿದೆ. ಆದರೆ ಮಾಮೂಲಿ ಕ್ಯಾರೆಟ್ ಮಾರಿದರೆ ಬರೋದೇ ಇಪ್ಪತ್ತರ ಆಸುಪಾಸು, ಅಂದರೆ ಮೊಲದಿಂದ ಮೂವತ್ತು. ಕಾಮನ್ ಮೊಟ್ಟೆಗೆ ಕೊಟ್ಟ 50,000 ವಾಪಸ್ ಬರಬೇಕಾದರೆ ಅದು 1,600ಕ್ಕೂ ಜಾಸ್ತಿ ಕ್ಯಾರೆಟ್ ತಿನ್ನಬೇಕು, ಹದಿನೆಂಟು ಗಂಟೆಗಿಂತ ಹೆಚ್ಚು ಹೊತ್ತು. ಅಷ್ಟು ಕ್ಯಾರೆಟ್ ನೆಡೋನೂ ನಿಮ್ಮ ಮಗನೇ, ಏಕೆಂದರೆ ಕ್ಯಾರೆಟ್ ಒಮ್ಮೆ ಕಿತ್ತರೆ ಮುಗೀತು, ಮತ್ತೆ ಬೀಜ ಕೊಳ್ಳಬೇಕು.

ಅದೇ 50,000ಕ್ಕೆ ಅಂಗಡಿಯಲ್ಲಿ ಡ್ರ್ಯಾಗನ್ ಫ್ರೂಟ್ ಬೀಜ ಸಿಗುತ್ತೆ. ಒಂದು ಹಣ್ಣು ನಾಲ್ಕು ಸಾವಿರದ ಹತ್ತಿರ ಹೋಗುತ್ತೆ, ಗಿಡ ಮತ್ತೆ ಮತ್ತೆ ಹಣ್ಣು ಬಿಡುತ್ತೆ. ಹದಿಮೂರು ಹಣ್ಣು ಕಿತ್ತರೆ ಅಸಲು ಬಂತು. ಬೀಜ ಯಾವಾಗಲೂ ಸ್ಟಾಕ್ ಇರಲ್ಲ, ಐದು ನಿಮಿಷಕ್ಕೊಮ್ಮೆ ಅಂಗಡಿ ಬದಲಾಗುತ್ತೆ, ಕಾಯಬೇಕು. ಬೆಲೆಗಳು ಅಪ್‌ಡೇಟ್ ಬಂದಾಗ ಬದಲಾಗುತ್ತವೆ, ನಾನು ಹೇಳುತ್ತಿರೋದು 2025ರಲ್ಲಿ ಆಡಿದ ಲೆಕ್ಕ. ಲೆಕ್ಕ ಹಾಕುವ ರೀತಿ ಮಾತ್ರ ಇದೇ.

ಇನ್ನೊಬ್ಬರ ಪ್ರಶ್ನೆ: ಸರ್, ನನ್ನ ಹತ್ತಿರ ಡ್ರ್ಯಾಗನ್‌ಫ್ಲೈ ಅನ್ನೋ ಪೆಟ್ ಇದೆ. ಅದು ಹಣ್ಣನ್ನು ಗೋಲ್ಡ್ ಮಾಡುತ್ತೆ, ಗೋಲ್ಡ್ ಅಂದರೆ ಹಣ್ಣಿನ ಬೆಲೆ 20 ಪಟ್ಟು. ಆದರೂ ದಿನದ ಕೊನೆಗೆ ಹೆಚ್ಚೇನೂ ಕಾಣಲ್ಲ. ಯಾಕೆ?

ಉತ್ತರ: ನಿಮ್ಮ ತೋಟದಲ್ಲಿ ಸ್ಟ್ರಾಬೆರಿ ಎಷ್ಟಿದೆ ಎಣಿಸಿ ನೋಡಿ! ಡ್ರ್ಯಾಗನ್‌ಫ್ಲೈ ಸುಮಾರು ಐದು ನಿಮಿಷಕ್ಕೊಮ್ಮೆ ಯಾವುದೋ ಒಂದು ಹಣ್ಣನ್ನು ಆರಿಸಿಕೊಳ್ಳುತ್ತೆ. ಬೆಲೆ ನೋಡಿ ಆರಿಸಲ್ಲ. ನೂರು ಹಣ್ಣಿನಲ್ಲಿ ಎಂಬತ್ತು ಸ್ಟ್ರಾಬೆರಿ ಇದ್ದರೆ ಹೆಚ್ಚಿನ ಸಲ ಅದಕ್ಕೇ ಬೀಳುತ್ತೆ. ಹದಿನೈದು ಶೆಕಲ್‌ನ ಸ್ಟ್ರಾಬೆರಿ ಮುನ್ನೂರಾಯಿತು, ಏನು ಬಂತು? ಅದೇ ಐದು ಸಾವಿರದ ಮಾವಿನ ಹಣ್ಣಿಗೆ ಬಿದ್ದರೆ ಒಂದು ಲಕ್ಷ. ಸಲಿಕೆ ತಗೊಂಡು ಅಗ್ಗದ ಗಿಡಗಳನ್ನು ಕಿತ್ತುಹಾಕಿ. ಮನಸ್ಸಿಗೆ ಬೇಜಾರಾಗುತ್ತೆ, ನನಗೂ ಆಗಿತ್ತು, ಮೊದಲು ನೆಟ್ಟ ಗಿಡಗಳು ಅಲ್ವಾ. ಆದರೂ ಕೀಳಿ.

ಒಂದು ಅಪವಾದ. ಜಿಂಕೆ ಪೆಟ್ ಇದ್ದರೆ ಸ್ಟ್ರಾಬೆರಿಯಂಥ ಬೆರಿ ಗಿಡ ಬೇಕೇ ಬೇಕು, ಏಕೆಂದರೆ ಕಿತ್ತ ಮೇಲೂ ಹಣ್ಣು ಗಿಡದಲ್ಲೇ ಉಳಿಯುವ ಅವಕಾಶ ಅದು ಕೊಡೋದು ಬೆರಿಗಳಿಗೆ ಮಾತ್ರ. ಬೆಕ್ಕಿದ್ದರೆ ಅದು ಮಲಗಿದ ಜಾಗದ ಸುತ್ತ ಹೊಸ ಹಣ್ಣು ದಪ್ಪ ಬರುತ್ತೆ, ತೂಕ ಎರಡು ಪಟ್ಟಾದರೆ ಬೆಲೆ ನಾಲ್ಕು ಪಟ್ಟಿನ ಹತ್ತಿರ ಹೋಗುತ್ತೆ, ಹಾಗಾಗಿ ಆ ಜಾಗವನ್ನು ಸುಮ್ನೆ ಬಿಡಬೇಡಿ, ಅಲ್ಲಿ ದುಬಾರಿ ಗಿಡಗಳನ್ನು ಒತ್ತೊತ್ತಾಗಿ ನೆಡಿ. ಮತ್ತೆ ಹೊಟ್ಟೆಗೆ ಹಾಕೋದು ಮರೀಬೇಡಿ. ಹಸಿದ ಪೆಟ್ ಕೆಲಸ ಮಾಡಲ್ಲ.

ಮೊದಲ ಪ್ರಶ್ನೆಯವರು: ಥ್ಯಾಂಕ್ಸ್ ಸರ್. ರೋಬಕ್ಸ್ ಬಗ್ಗೆ ಏನು ಹೇಳುತ್ತೀರಿ? ಮೊಟ್ಟೆ ಕೊಡಿಸಲಾ?

ಉತ್ತರ: ಬೇಡ ಮೇಡಂ. ದುಡ್ಡು ಕೊಟ್ಟರೆ ಸಿಗೋದು ಮೊಟ್ಟೆ, ಒಳಗೆ ಯಾವ ಪೆಟ್ ಅನ್ನೋದು ಅದೃಷ್ಟ. ಡ್ರ್ಯಾಗನ್‌ಫ್ಲೈ ಸಿಗೋ ಬಗ್ ಮೊಟ್ಟೆಗೆ ಐದು ಕೋಟಿ ಶೆಕಲ್, ಅದರಲ್ಲೂ ಅದು ಬರೋದು ನೂರಕ್ಕೆ ಒಂದು ಸಲ. ನಿಮ್ಮ ಮಗ ಅತ್ತಿದ್ದು ಈ ಅದೃಷ್ಟಕ್ಕೇ ಅಲ್ವಾ? ನಿಜವಾದ ರೂಪಾಯಿ ಹಾಕಿ ಮತ್ತೆ ಬೇಡದ ಪೆಟ್ ಬಂದರೆ ಇನ್ನೂ ಜಾಸ್ತಿ ಅಳುತ್ತಾನೆ. ಇನ್ನೊಂದು ಮಾತು ಅವನಿಗೆ ಹೇಳಿ. "ನಿನ್ನ ಪೆಟ್ ಗಿಫ್ಟ್ ಮಾಡು, ದೊಡ್ಡದು ಕೊಡ್ತೀನಿ" ಅಂತ ಗೊತ್ತಿಲ್ಲದವರು ಕೇಳಿದರೆ ಕೊಡಬಾರದು, ಕೊಟ್ಟಿದ್ದು ವಾಪಸ್ ಬರಲ್ಲ.

ಮೊದಲ ಪ್ರಶ್ನೆಯವರು: ಸರಿ ಸರ್, ಸಂಜೆ ಇಬ್ಬರೂ ಕೂತು ಕ್ಯಾರೆಟ್ ಜಾಗದಲ್ಲಿ ಬೇರೆ ನೆಡುತ್ತೇವೆ. ನಾಯಿಯನ್ನೂ ಮಾರಬೇಕಾ? ಅದಕ್ಕೆ ಹೆಸರು ಇಟ್ಟುಬಿಟ್ಟಿದ್ದಾನೆ.

ಉತ್ತರ: ನಾಯಿ ಇರಲಿ ಮೇಡಂ. ಅದು ನಿಮಿಷಕ್ಕೊಮ್ಮೆ ನೆಲ ಕೆರೆಯುತ್ತೆ, ಇಪ್ಪತ್ತು ಸಲಕ್ಕೆ ಒಂದು ಸಲದಂತೆ ಯಾವುದೋ ಬೀಜ ಸಿಗುತ್ತೆ. ಗಂಟೆಗೆ ಮೂರು ಬೀಜ ಬಿಟ್ಟಿ ಬಂದ ಹಾಗೆ. ಹೊಸಬರ ತೋಟಕ್ಕೆ ಅದು ಒಳ್ಳೆ ಪೆಟ್.